ಅಮೀರನ ಹೆಂಡತಿ

ಹಾಸಿಗೆ ಒಯ್ಯಲು ಬಂದವರು ಚಪ್ಪಲಿ ಕಳಚಲಿಲ್ಲ. ಜೊಂಡಿನ ತಡಿಕೆಯನ್ನು ಮೊಣಕೈಯಿಂದ ತಳ್ಳಿಕೊಂಡು ಒಳಗೆ ಬಂದ ಇಬ್ಬರು ಹೆಂಗಸರು, ಯಗಾನಾ ಕೂತಿದ್ದ ಚಾಪೆಯ ಅಂಚನ್ನು ತುಳಿದುಕೊಂಡೇ ಮೂಲೆಗೆ ಹೋಗಿ ಸ್ಪಂಜಿನ ಹಾಸಿಗೆಯನ್ನು ಸುರುಳಿ ಸುತ್ತತೊಡಗಿದರು. ಯಗಾನಾ ಅವರ ಮುಖ ನೋಡಲಿಲ್ಲ, ಪಾದ ನೋಡಿದಳು. ಒಬ್ಬಳ ಹಿಮ್ಮಡಿಯಲ್ಲಿ ಮೀನಿನ ಹುರುಪೆ ಒಣಗಿ ಹೊಳೆಯುತ್ತಿತ್ತು. ಇತ್ತೀಚಿನವರೆಗೂ ಈ ಪಾದಗಳು ತಡಿಕೆಯ ಹೊರಗೇ ನಿಂತು, ಒಂದರ ಮೇಲೊಂದು ಉಜ್ಜಿಕೊಳ್ಳುತ್ತ, ಒಂದು ಹಿಡಿ ಸಕ್ಕರೆ ಕೇಳಲು ಹೆದರುತ್ತಿದ್ದವು. "ಯಾ, ಚೂರು ಜರುಗಿ. ಇದ್ದತ್ತಿನಲ್ಲಿರೋ ವಿಧವೆಯರಿಗೆ ಮೆತ್ತನೆ ಹಾಸಿಗೆ ಯಾಕೆ, ಸೊಂಟ ಹಿಡಿಯುತ್ತೆ," ಎಂದಳು ಹುರುಪೆಯವಳು. ಇನ್ನೊಬ್ಬಳು ಮೈಗೆ ಹೊದ್ದಿದ್ದ ಲಫಾಯಾದ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಅಮ್ಮಾ ಎಂದು ಕರೆದ ಹಾಗಿನ ಆ 'ಯಾ' ಇನ್ನೂ ಬಿಟ್ಟುಹೋಗಿರಲಿಲ್ಲ, ಅದರೊಳಗಿನ ಬಾಗು ಮಾತ್ರ ಹೋಗಿತ್ತು. ಯಗಾನಾ ಜರುಗಿದಳು. ಜರುಗಬಾರದಿತ್ತು ಎಂದು ಅನ್ನಿಸಿದ್ದು ಅವರು ಹಾಸಿಗೆಯನ್ನು ಹೆಗಲಿಗೇರಿಸಿಕೊಂಡು ಹೊರಗೆ ಹೋದ ಮೇಲೆ. ಹಾಸಿಗೆ ಇದ್ದ ಜಾಗದಲ್ಲಿ ನೆಲ ತೇವವಾಗಿ, ಬಿಳಿ ಹುಳಗಳು ಬೆಳಕಿಗೆ ಗಾಬರಿಯಾಗಿ ಓಡಾಡುತ್ತಿದ್ದವು. ಇವುಗಳ ಮೇಲೆಯೇ ಇಷ್ಟು ದಿನ ತಾನು ಮಲಗಿದ್ದು ಎಂದುಕೊಂಡಳು. ಅಬಾಚಾನೂ.

ಅಬಾಚಾ ದೊಡ್ಡ ಕೆರೆಯ ಈ ನಡುಗಡ್ಡೆಗಳಲ್ಲಿ ಅಡಗಿದ್ದ ಬಂಡುಕೋರರ ಅಮೀರನಾಗಿದ್ದ. ಬೇಸಿಗೆ ಶುರುವಾದಾಗ ಶೂರಾ, ಅಂದರೆ ಹಿರಿಯರ ಸಭೆ, ಅವನನ್ನು ದೂರದ ಇನ್ನೊಂದು ದ್ವೀಪಕ್ಕೆ ಕರೆಸಿತು. ಇಸ್ತ್ರಿಯಿಲ್ಲದ ಬಿಳಿ ಅಂಗಿಯನ್ನು ಅಂಗೈಯಿಂದ ಒತ್ತಿ ಒತ್ತಿ ನೇರ ಮಾಡಿಕೊಂಡು ದೋಣಿ ಹತ್ತಿದ್ದ. ದೋಣಿ ಮಾತ್ರ ಹಿಂದಿರುಗಿತು. ಅದರಲ್ಲಿ ಅವನ ಬಲಗೈಯಾಗಿದ್ದ ಗ್ರೇಮಾ ಕೂತಿದ್ದ. ಜನರನ್ನೆಲ್ಲ ಸೇರಿಸಿ, ಅಬಾಚಾ ದಾರಿ ತಪ್ಪಿದ್ದ, ಶೂರಾ ಅವನನ್ನು ಇಳಿಸಿತು, ಆಮೇಲೆ ಅಲ್ಲಾಹ ಅವನನ್ನು ಕರೆದುಕೊಂಡ ಎಂದು ಹೇಳಿದ. ಇಳಿಸಿದ್ದಕ್ಕೂ ಕರೆದುಕೊಂಡದ್ದಕ್ಕೂ ನಡುವೆ ಏನಾಯಿತೆಂದು ಯಾರೂ ಕೇಳಲಿಲ್ಲ. ಯಗಾನಾ ಕೂಡ ಕೇಳಲಿಲ್ಲ. ಹೆಂಗಸರ ಗುಂಪಿನಲ್ಲಿ ನಿಂತು ಅವಳು ಮೊದಲು ಯೋಚಿಸಿದ್ದು ಒಲೆಯ ಮೇಲಿಟ್ಟು ಬಂದಿದ್ದ ಬೆಂಡೆಸಾರು ತಳ ಹತ್ತುತ್ತದಲ್ಲ ಎಂದು. ಆಮೇಲೆ ಎಷ್ಟೋ ಸಲ ಆ ಗಳಿಗೆಯನ್ನು ಎಳೆದು ತಂದು, ಅಲ್ಲಿ ಒಂದು ಅಳುವನ್ನು ಇಡಲು ನೋಡಿದ್ದಳು. ಅಳುವಿನ ಬದಲು ಸಾರಿನ ವಾಸನೆಯೇ ಬರುತ್ತಿತ್ತು. ಹೆಣ ತೊಳೆಯಲು ಯಾರನ್ನೂ ಕರೆಯಲಿಲ್ಲ. ನಾಯಿ ಸತ್ತರೂ ಎಲ್ಲಿ ಹೂತರೆಂದು ಗೊತ್ತಾಗುವ ಈ ಅಂಗೈಯಗಲದ ದ್ವೀಪದಲ್ಲಿ ಅವಳ ಗಂಡನಿಗೆ ಗೋರಿಯ ಗುರುತಿರಲಿಲ್ಲ.

ಬಿಂಟು ಬಂದಳು. ಹೆರಿಗೆ ಮಾಡಿಸುವ ಮುದುಕಿ. ಮೂರು ಅಮೀರರನ್ನು ಕಂಡವಳು. ಯಾರ ಗುಡಿಸಲಿಗಾದರೂ ಕೆಮ್ಮದೆ ನುಗ್ಗುವ ಅಧಿಕಾರವನ್ನು ತಾನೇ ತೆಗೆದುಕೊಂಡವಳು. ಕೂತವಳೇ ಯಗಾನಾಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

"ಕಣ್ಣಿಗೆ ಕಾಡಿಗೆ ಹಾಕಿದ್ದೀಯಾ?"

"ಕಣ್ಣು ನೋವು, ಯಾ. ಔಷಧಿಗೆ ಅಂತ."

"ಎರಡೂ ಕಣ್ಣಿಗೂ ಒಟ್ಟಿಗೇ ಬಂತಾ? ಭಾರಿ ಶಿಸ್ತಿನ ನೋವು ಬಿಡು." ಮುದುಕಿ ಗದ್ದ ಬಿಟ್ಟಳು. "ಒರೆಸಿಕೋ. ಗಂಡ ಸತ್ತು ಇದ್ದತ್ತಿನಲ್ಲಿ ಕೂತೋಳು ಸಿಂಗಾರ ಮಾಡಿಕೊಂಡರೆ ಇಲ್ಲಿ ಏನು ಮಾಡ್ತಾರೆ ಅಂತ ನಿನಗೆ ನಾನು ಹೇಳಬೇಕಾ? ಬೇರೆಯೋರಿಗೆ ನೀನೇ ಹೇಳಿಕೊಡ್ತಿದ್ದೆ."

ಯಗಾನಾ ಸೆರಗಿನಿಂದ ಒರೆಸಿಕೊಂಡಳು. ಒರೆಸಿದಷ್ಟೂ ಹರಡಿತು. ಈಗ ಅಮೀರನಾಗುತ್ತಿದ್ದ ಗ್ರೇಮಾ ಈ ಗುಡಿಸಲಿನಲ್ಲಿ ಎಷ್ಟೋ ಸಲ ಉಂಡಿದ್ದ. ಅಬಾಚಾನ ಎದುರು ಮಂಡಿಯೂರಿ ಕೂತು, ತಡಿಕೆಯ ಈಚೆ ಅವಳಿದ್ದಾಳೆಂದು ಗೊತ್ತಿದ್ದೂ ಕಣ್ಣೆತ್ತದೆ, ತಟ್ಟೆಗೆ ಹೇಳುವಂತೆ "ಸಾರು ಚೆನ್ನಾಗಿದೆ" ಎನ್ನುತ್ತಿದ್ದ. ಆ ಮಾತು ತಟ್ಟೆಗಲ್ಲ ಎಂದು ಅವಳು ಆಗಲೇ ತೀರ್ಮಾನಿಸಿಬಿಟ್ಟಿದ್ದಳು. ಹಳೆಯ ಅಮೀರನ ವಿಧವೆಯನ್ನು ಹೊಸ ಅಮೀರ ತನ್ನ ಮನೆಗೆ ಸೇರಿಸಿಕೊಳ್ಳುವುದು ಇಲ್ಲಿ ನಡೆದುಬಂದದ್ದೇ. ಅಬಾಚಾ ಹಿಂದಿರುಗದ ದಿನವೇ, ಸಾರು ತಳ ಹತ್ತಿದ ಆ ದಿನವೇ, ಈ ಯೋಚನೆ ಹುಟ್ಟಿತ್ತೇ? ಇಲ್ಲ, ಮಾರನೆಯ ದಿನ. ಮಾರನೆಯ ದಿನವೆಂದರೆ ಏನೋ ಮರ್ಯಾದೆ ಉಳಿದಂತೆ ಅವಳು ಆ ಒಂದು ದಿನವನ್ನು ಹಿಡಿದುಕೊಂಡಿದ್ದಳು.

"ಈಗ ಹೊರಡು, ಹೊಸ ಅಮೀರನಿಗೆ ಹೆಂಗಸರು ಆಣೆ ಕೊಡೋದು ಇವತ್ತು," ಎಂದಳು ಬಿಂಟು.

"ಇದ್ದತ್ತಿನಲ್ಲಿ ಹೊರಗೆ ಬರಬಾರದಲ್ಲ."

"ಅದನ್ನೂ ಕೇಳಿದೆ. ಇದ್ದತ್ತು ಗಂಡನಿಗೆ, ಆಣೆ ಅಮೀರನಿಗೆ ಅಂದರು. ಇನ್ನೊಂದು ವಿಷಯ ಕೇಳು. ಆಣೆ ಆದಮೇಲೆ ಅಮೀರನ ನಿಕಾಹ್. ಹುಡುಗಿ ಕೆಲ್ಲು."

ಹೊರಗೆ ಒಣಮೀನಿನ ಮೇಲೆ ನೊಣಗಳು ಒಮ್ಮೆಲೇ ಎದ್ದು ಕೂತ ಸದ್ದಾಯಿತು. ಯಗಾನಾ "ಯಾವ ಕೆಲ್ಲು?" ಎಂದಳು, ದ್ವೀಪದಲ್ಲಿ ಹತ್ತು ಕೆಲ್ಲುಗಳಿದ್ದ ಹಾಗೆ.

"ನಿನ್ನ ಕೆಲ್ಲುನೇ. ಬೆನ್ನು ನೀನು ನೋಡಿರೋ ಕೆಲ್ಲು." ಮುದುಕಿ ಏಳುತ್ತ ಮಂಡಿ ಹಿಡಿದುಕೊಂಡಳು. "ನಿನ್ನನ್ನ ಇದ್ದತ್ತು ಮುಗಿದ ಮೇಲೆ ಮೀನು ಹೊಗೆಗೆ ಹಾಕೋ ಲಾವನ್‌ಗೆ ಕೊಡ್ತಾರಂತೆ. ಅವನಿಗೆ ಹಲ್ಲಿಲ್ಲ ಅಂತ ಬೇಜಾರು ಮಾಡ್ಕೋಬೇಡ. ಕಚ್ಚೋದಿಲ್ಲವಲ್ಲ."

ಆಣೆಯ ಬಯಲಿನಲ್ಲಿ ವಿಮಾನದ ಕಣ್ಣಿಗೆ ಬೀಳದಂತೆ ಜೊಂಡಿನ ಚಪ್ಪರ ಹಾಕಿದ್ದರು. ಗಂಡಸರು ಒಬ್ಬೊಬ್ಬರಾಗಿ ಗ್ರೇಮಾನ ಕೈಮೇಲೆ ಕೈಯಿಟ್ಟು ಹೋದ ಮೇಲೆ, ಚಾಪೆಯ ಮರೆಯ ಈಚೆಗಿದ್ದ ಹೆಂಗಸರಿಗೆ ಅವನ ಮುಂಡಾಸಿನ ತುದಿಯನ್ನು ನೀಡಿದರು. ಒಂದು ತುದಿ ಅವನ ಮುಷ್ಟಿಯಲ್ಲಿ, ಉಳಿದದ್ದು ಉದ್ದಕ್ಕೆ ಹೆಂಗಸರ ಕೈಗಳಲ್ಲಿ. ಯಗಾನಾ ಬಟ್ಟೆಯನ್ನು ಹಿಡಿದಳು. ಮೊದಲಿನ ಅಮೀರನನ್ನು ಇಳಿಸಿ ಅಬಾಚಾ ಏರಿದಾಗಲೂ ಹೀಗೆಯೇ ಬಟ್ಟೆ ಬಂದಿತ್ತು. ಆಗ ಅವಳು ಎಲ್ಲರಿಗಿಂತ ಮುಂದೆ, ಅಬಾಚಾನ ಕೈಗೆ ಹತ್ತಿರ ಕೂತಿದ್ದಳು. ಅವನು ಅತ್ತ ಬಟ್ಟೆಯನ್ನು ಮೆಲ್ಲಗೆ ಎರಡು ಸಲ ಜಗ್ಗಿದ್ದ, ಅವಳಿಗೆಂದೇ. ಆ ಸಲ ಬಟ್ಟೆಯ ಕೊನೆಯಲ್ಲಿ ಕೂತಿದ್ದವಳು ಹಳೆಯ ಅಮೀರನ ಹೆಂಡತಿ ಝಾರಾ. ಸ್ಪಂಜಿನ ಹಾಸಿಗೆ ಅವಳದು. ಅದನ್ನು ತರಲು ಯಗಾನಾ ಯಾರನ್ನೋ ಕಳಿಸಿದ್ದಳು. ಅವರು ಚಪ್ಪಲಿ ಕಳಚಿದ್ದರೋ ಇಲ್ಲವೋ ವಿಚಾರಿಸಿರಲಿಲ್ಲ. ಝಾರಾ ಆಮೇಲೆ ಎಲ್ಲಿ ಹೋದಳೆಂದೂ ವಿಚಾರಿಸಿರಲಿಲ್ಲ. ಈಗ ಬಟ್ಟೆಯ ಕೊನೆ ತನ್ನ ಕೈಯಲ್ಲಿತ್ತು, ಹಲವರ ಬೆವರು ಹೀರಿ ಒದ್ದೆಯಾಗಿತ್ತು. ಮುಂದುಗಡೆ ಬಟ್ಟೆಯನ್ನು ಹಿಡಿದಿದ್ದ ಕೆಲ್ಲುವಿನ ನೆಟ್ಟಗಿನ ಬೆನ್ನು ಕಾಣುತ್ತಿತ್ತು. ಕಷ್ಟದಲ್ಲಿಯೂ ಸುಖದಲ್ಲಿಯೂ ಕೇಳುತ್ತೇವೆ, ನಡೆಯುತ್ತೇವೆ ಎಂದು ಎಲ್ಲರೂ ಹೇಳಿದರು. ಯಗಾನಾ ತುಟಿ ಮಾತ್ರ ಆಡಿಸಬೇಕೆಂದು ದಾರಿಯುದ್ದಕ್ಕೂ ನಿಶ್ಚಯಿಸಿಕೊಂಡು ಬಂದಿದ್ದಳು. ಗಂಟಲಿನಿಂದ ದನಿ ಬಂತು. ಅಷ್ಟೇ ಅಲ್ಲ, ಪಕ್ಕದವಳು ತಿರುಗಿ ನೋಡುವಷ್ಟು ಜೋರಾಗಿ ಬಂತು.

ಚಪ್ಪರದಿಂದ ಹೊರಗೆ ಬರುತ್ತಿದ್ದಾಗಲೇ ಕರೆ ಬಂದಿತು. ಮದುವಣಗಿತ್ತಿಯ ತಲೆ ಹೆಣೆಯಬೇಕು. ಹಣೆಯಿಂದ ಕತ್ತಿನವರೆಗೆ ನೂಲಿನಂಥ ಜಡೆಗಳನ್ನು ಹಾಕಲು ಈ ದ್ವೀಪದಲ್ಲಿ ಯಗಾನಾಳಷ್ಟು ಬಲ್ಲವರಿಲ್ಲ. ಹೋಗುವುದಿಲ್ಲ ಎಂದು ಹೇಳುವ ಮಾತುಗಳನ್ನೇ ಜೋಡಿಸಿಕೊಳ್ಳುತ್ತ ಅವಳು ಆ ಗುಡಿಸಲಿನ ಹೊಸ್ತಿಲವರೆಗೆ ನಡೆದುಬಂದಿದ್ದಳು.

ಕೆಲ್ಲು ಬೋರಲಾದ ಒರಳಿನ ಮೇಲೆ ಕೂತಿದ್ದಳು. ಅಂಗೈಗೆ ಮೆಹಂದಿ ಕಟ್ಟಿದ್ದರು. "ಬನ್ನಿ, ಯಾ," ಎಂದು ಯಗಾನಾಳನ್ನು ಕರೆದು, ಅಲ್ಲಿದ್ದ ಇಬ್ಬರು ಹೆಂಗಸರನ್ನು ನೀರಿಗೆಂದು ಹೊರಗೆ ಕಳಿಸಿದಳು. ಯಗಾನಾ ಅವಳ ಹಿಂದೆ ಮಂಡಿಯೂರಿ, ಬೈತಲೆ ತೆಗೆಯಲು ಕಡ್ಡಿಯನ್ನು ಎಣ್ಣೆಯಲ್ಲಿ ಅದ್ದಿದಳು. ಲಫಾಯಾ ಜಾರಿದ ಹೆಗಲಿನ ಮೇಲೆ ಗುರುತುಗಳಿದ್ದವು. ಕಪ್ಪಗೆ, ಸ್ವಲ್ಪ ಉಬ್ಬಿ, ಜಿಗಣೆಗಳು ಮಲಗಿದ ಹಾಗೆ. ಹೋದ ವರ್ಷ ಕೆಲ್ಲು ಮೀನುವ್ಯಾಪಾರಿಯ ದೋಣಿಯಲ್ಲಿ ಅಡಗಿ ಓಡಿಹೋಗಲು ನೋಡಿ ಸಿಕ್ಕಿಬಿದ್ದಿದ್ದಳು. ಹೆಂಗಸರಿಗೆ ಹೆಂಗಸರೇ ಹೊಡೆಯಬೇಕು. ಅಬಾಚಾ ನೀರ್ಗುದುರೆಯ ಚರ್ಮದ ಚಾಟಿಯನ್ನು ಯಗಾನಾಳ ಕೈಗೆ ಕೊಟ್ಟು, ಮೊಣಕೈ ಪಕ್ಕೆ ಬಿಡಬಾರದು, ಅದೇ ನಿಯಮ, ನೋವಿಗಿಂತ ನಾಚಿಕೆ ಮುಖ್ಯ ಎಂದು ಹೇಳಿ ನಮಾಜಿಗೆ ಹೋದ. ಅವಳ ಮೊಣಕೈ ಮೊದಮೊದಲು ಪಕ್ಕೆಯಲ್ಲೇ ಇತ್ತು. ಕೆಲ್ಲು ಅಳಲಿಲ್ಲ. ಅತ್ತಿದ್ದರೆ ಮುಗಿದುಹೋಗುತ್ತಿತ್ತು. ತಾನು ಬಂದ ಹೊಸತರಲ್ಲಿ ಎಷ್ಟು ಅತ್ತಿದ್ದಳು, ಎಣ್ಣೆ ಗಾಣ ನಡೆಸುತ್ತಿದ್ದ ಮೊದಲ ಗಂಡನನ್ನು ಕಣ್ಣೆದುರೇ ಕೊಂದು ತನ್ನನ್ನು ದೋಣಿಗೆ ಎಳೆದುಹಾಕಿದಾಗ, ಊಟ ಬಿಟ್ಟಾಗ, ಆಮೇಲೆ ಅಬಾಚಾ ಕಳಿಸಿದ ಸಕ್ಕರೆ ಹಾಕಿದ ಚಹಾ ಕುಡಿಯುವಾಗ ಕೂಡ. ಇವಳು ಯಾರು ಅಳದಿರಲು? ಮೊಣಕೈ ಪಕ್ಕೆಯನ್ನು ಬಿಟ್ಟಿತು. ಯಾರೂ ಬಿಡು ಎಂದಿರಲಿಲ್ಲ, ಬಿಡಬೇಡ ಎಂದೇ ಹೇಳಿದ್ದರು. ಚಹಾ ಕುಡಿದದ್ದಕ್ಕೆ, ನಿಕಾಹ್‌ಗೆ ಹೂಂ ಅಂದದ್ದಕ್ಕೆ, ಬದುಕಿದ್ದಕ್ಕೆ ಎಲ್ಲಕ್ಕೂ ಅವಳ ಬಳಿ ಉತ್ತರವಿತ್ತು: ಬೇರೆ ದಾರಿ ಇರಲಿಲ್ಲ. ಮೊಣಕೈಗೆ ಮಾತ್ರ ಉತ್ತರವಿರಲಿಲ್ಲ.

"ಮೆತ್ತಗೆ ಹೆಣೀರಿ, ಯಾ. ಚರ್ಮ ಎಳೆಯುತ್ತೆ."

"ಬಿಗಿ ಇದ್ದರೆ ಬಹಳ ದಿನ ಇರುತ್ತೆ."

"ಎಷ್ಟು ದಿನ ಇರಬೇಕೋ ಅಷ್ಟು ಇದ್ದರೆ ಸಾಕು. ಅಮೀರರೇ ಇರಲ್ಲ."

ಯಗಾನಾಳಿಗೆ ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು. ಕೆಲ್ಲು ಈಗ ಬೈಯುತ್ತಾಳೆ, ಈಗ ಉಗುಳುತ್ತಾಳೆ, ಹೆಂಗಸರನ್ನು ಕರೆದು ಎಲ್ಲರೆದುರು ಕಾಲು ಒತ್ತಿಸಿಕೊಳ್ಳುತ್ತಾಳೆ ಎಂದು ಅವಳು ಕಾದಳು. ಕಾಯುವುದರಲ್ಲಿ ಒಂದು ಬಗೆಯ ಆಸೆಯೂ ಇತ್ತು. ಅಷ್ಟಾದರೆ ಲೆಕ್ಕ ತೀರುತ್ತಿತ್ತು.

ಕೆಲ್ಲು ತಲೆ ಅಲ್ಲಾಡಿಸದೆ, ಎದುರಿಗಿದ್ದ ತಡಿಕೆಗೆ ಹೇಳುವಂತೆ ಮೆಲ್ಲನೆ ಶುರುಮಾಡಿದಳು: "ಮಧ್ಯಾಹ್ನದ ನಮಾಜು ಆದ ಮೇಲೆ ಜೊಂಡು ಕೊಯ್ಯೋರ ದೋಣಿ ಆಚೆ ದಡಕ್ಕೆ ಹೋಗುತ್ತೆ. ಅದರಲ್ಲಿ ಹತ್ತಿಕೊಳ್ಳಿ. ಕಾವಲಿನೋರು ಮದುವೆ ಊಟದಲ್ಲಿರ್ತಾರೆ. ದಡದಲ್ಲಿ ಇಳಿದು ಒಣಗಿದ ಹಳ್ಳ ಹಿಡಿದು ನಡೆದರೆ ಸಂಜೆಯೊಳಗೆ ಸೈನ್ಯದ ಠಾಣೆ. ಕೈ ಮೇಲೆತ್ತಿಕೊಂಡೇ ಹೋಗಿ, ಇಲ್ಲಾಂದರೆ ಗುಂಡು ಹೊಡೀತಾರೆ."

ಯಗಾನಾಳ ಬೆರಳು ನಿಂತಿತು. "ಇದು ಯಾವ ಆಟ?"

"ಆಟ ಅಲ್ಲ."

"ಹಿಡಿದು ತಂದು ಚಾಟಿ ನಿನ್ನ ಕೈಗೆ ಕೊಡ್ತಾರೆ. ಅದೇ ತಾನೆ?"

"ಚಾಟಿ ಹಿಡಿಯೋಕೆ ನನಗೆ ಬರಲ್ಲ, ಯಾ. ನಿಮ್ಮಷ್ಟು ಚೆನ್ನಾಗಿ."

"ಹಾಗಾದರೆ ನೀನೂ ಬಾ," ಎಂದಳು ಯಗಾನಾ. ಯಾಕೆ ಹೇಳಿದಳೋ. ಬರಲೆಂದಲ್ಲ, ಪರೀಕ್ಷೆ ಮಾಡಲಿಕ್ಕೆ.

ಕೆಲ್ಲು ಮೆಹಂದಿಯ ಅಂಗೈಗಳನ್ನು ಮಡಿಲಲ್ಲಿ ಸರಿಮಾಡಿಕೊಂಡಳು. "ನಾನು ಹೋದರೆ ಹುಡುಕ್ತಾರೆ. ನಿಮ್ಮನ್ನ ಯಾರೂ ಹುಡುಕಲ್ಲ."

ಅದರಲ್ಲಿ ಕೊಂಕಿರಲಿಲ್ಲ. ಹೊರಗೆ ಬಿಸಿಲಿದೆ ಎಂದ ಹಾಗಿತ್ತು. ಯಗಾನಾ ಉಳಿದ ಜಡೆಗಳನ್ನು ಹೆಣೆದಳು. ಯಾವ ಕೂದಲನ್ನು ಯಾವುದಕ್ಕೆ ಸೇರಿಸುತ್ತಿದ್ದಾಳೆಂದು ಅವಳಿಗೆ ಕಾಣುತ್ತಿರಲಿಲ್ಲ, ಬೆರಳಿಗೆ ಗೊತ್ತಿತ್ತು. ನಿಮ್ಮನ್ನ ಯಾರೂ ಹುಡುಕಲ್ಲ. ಅಬಾಚಾ ಹುಡುಕುತ್ತಿದ್ದ. ಒಮ್ಮೆ ಅವಳು ಜ್ವರದಲ್ಲಿ ಎದ್ದು ನೀರಿನ ಕಡೆಗೆ ನಡೆದುಹೋದಾಗ ಇಡೀ ದ್ವೀಪವನ್ನೇ ಎಬ್ಬಿಸಿದ್ದ. ಕೆಸರು ಮೆತ್ತಿದ ಕಾಲುಗಳೊಂದಿಗೆ ಬಂದು, ಎಲ್ಲರೆದುರು ಅವಳ ಹೆಸರು ಹಿಡಿದು ಬೈದಿದ್ದ. ಅವನು ಊರುಗಳನ್ನು ಸುಟ್ಟವನು, ಅವಳ ಊರನ್ನೂ. ಆ ಬೈಗುಳ ಮಾತ್ರ ಅವಳು ಬದುಕಿನಲ್ಲಿ ಪಡೆದ ಅತ್ಯಂತ ಬೆಚ್ಚಗಿನ ವಸ್ತುವಾಗಿತ್ತು. ಇದನ್ನು ಯಾರಿಗೆ ಹೇಳಬೇಕು? ಹೇಳಿದರೆ ಯಾವ ದಡದವರು ಕ್ಷಮಿಸುತ್ತಾರೆ?

ಕೆಲಸ ಮುಗಿಸಿ ಹೊರಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ದೋಣಿಗಳಿದ್ದ ಕಡೆಗೆ ಒಂದು ದಾರಿ, ಅಮೀರನ ಅಂಗಳಕ್ಕೆ ಇನ್ನೊಂದು. ದೋಣಿಯ ಕಡೆಗೇ ಹೋಗುತ್ತಿದ್ದೇನೆಂದು ಅವಳು ತಿಳಿದುಕೊಂಡಿದ್ದಳು. ಅಬಾಚಾ ಇದ್ದಾಗ ದಿನಕ್ಕೆ ಹತ್ತು ಸಲ ತುಳಿದ ದಾರಿಯಾದ್ದರಿಂದ ಕಾಲು ತಾನಾಗಿ ಅಂಗಳದತ್ತ ಹೊರಳಿತು ಎಂದು ಆಮೇಲೆ ಹೇಳಿಕೊಳ್ಳಲು ನೋಡಿದಳು. ಹಾಗಲ್ಲ. ನಡೆಯುತ್ತ ನಡೆಯುತ್ತ ಅವಳು ಮಾತನ್ನು ತಯಾರಿಸಿಕೊಂಡಿದ್ದಳು: ಅಮೀರ್, ನಿಮ್ಮ ಮನೆಗೆ ಬರುವವಳು ಹೆಂಗಸರಿಗೆ ಓಡಿಹೋಗುವ ದಾರಿ ಹೇಳಿಕೊಡುತ್ತಿದ್ದಾಳೆ. ಅದನ್ನು ಕೇಳಿದಾಗ ಗ್ರೇಮಾ ಮೊದಲ ಸಲ ಕಣ್ಣೆತ್ತಿ ನೋಡುವ ಗಳಿಗೆಯನ್ನೂ ತಯಾರಿಸಿಕೊಂಡಿದ್ದಳು. ಇದ್ದತ್ತಿನ ಹೆಂಗಸು ಗಂಡಸಿನೆದುರು ಹೋಗಬಾರದೆಂದು ಕಾವಲಿನವನು ತಡೆದ. ಆಣೆ ಕೊಟ್ಟಿದ್ದೇನೆ, ಆಣೆಯ ಮಾತೇ ಹೇಳಲು ಬಂದಿದ್ದೇನೆ ಎಂದಳು. ಒಳಗಿನಿಂದ "ಬಿಡು" ಎಂಬ ದನಿ ಬಂತು.

ಗ್ರೇಮಾ ಕೈತೊಳೆಯುತ್ತಿದ್ದ. ಅಬಾಚಾನ ಹಿತ್ತಾಳೆಯ ಕೆಟಲ್ಲೇ ಅದು. ಅವಳು ಹೇಳಿದಳು. ತಯಾರಿಸಿದ್ದಕ್ಕಿಂತ ಹೆಚ್ಚೇ ಹೇಳಿದಳು. ಮೀನುವ್ಯಾಪಾರಿಯ ದೋಣಿಯ ಹಳೆಯ ಕಥೆಯನ್ನೂ, ಇಂಥವಳು ಯಾವತ್ತಿಗೂ ನೆಟ್ಟಗಾಗುವುದಿಲ್ಲ ಎಂಬುದನ್ನೂ ಸೇರಿಸಿದಳು. ಅವನು ಕೈಯ ನೀರನ್ನು ಝಾಡಿಸಿ, ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ.

"ಗೊತ್ತು," ಎಂದ.

"ಅಮೀರ್?"

"ಮದುವೆಗೆ ಗಂಡು ಕೊಡಬೇಕಾದ ಮೆಹರ್ ಅಂತ ಅವಳು ಕೇಳಿದ್ದು ಅದೇ. ಹಸು ಕೊಡ್ತೀನಿ ಅಂದೆ, ಬಳೆ ಕೊಡ್ತೀನಿ ಅಂದೆ. ಅಬಾಚಾನ ಹೆಂಡತಿಯನ್ನ ಬಿಟ್ಟುಬಿಡಿ, ಅಷ್ಟೇ ನನ್ನ ಮೆಹರ್ ಅಂದಳು. ಯಾಕೆ ಅಂದೆ. ದಿನಾ ಬೆಳಗಾಗೆದ್ದು ಆ ಮುಖ ನೋಡಲಾರೆ ಅಂದಳು. ಅದೇ ನಿಜವೋ, ಬೇರೆ ಏನಾದರೂ ಇದೆಯೋ." ಅವನು ನಕ್ಕ. ನಗು ಕೆಟ್ಟದ್ದಾಗಿರಲಿಲ್ಲ, ದಣಿದದ್ದಾಗಿತ್ತು. "ನನಗೂ ಒಳ್ಳೆಯದೇ ಆಯ್ತು. ನೀನು ಇಲ್ಲಿದ್ದರೆ ನಿನ್ನನ್ನ ನೋಡಿದಾಗೆಲ್ಲ ಅಬಾಚಾನ ಕಡೆಯ ಹುಡುಗರಿಗೆ ಅವನ ನೆನಪು. ನೀನು ಸೈನ್ಯದೋರ ಹತ್ತಿರ ಓಡಿಹೋದೆ ಅಂದರೆ, ನೋಡ್ರಪ್ಪಾ, ಗಂಡನೂ ಅವರ ಮನುಷ್ಯನೇ ಆಗಿದ್ದ ಅಂತ ನಾನು ಹೇಳೋದೇ ಬೇಡ, ಅವರೇ ಹೇಳ್ತಾರೆ."

ಅವನು ಇನ್ನೂ ಅವಳ ಮುಖ ನೋಡಿರಲಿಲ್ಲ. ಮೊದಲು ತಟ್ಟೆಯನ್ನು ನೋಡುತ್ತಿದ್ದ, ಈಗ ಕೈಬೆರಳುಗಳನ್ನು ನೋಡಿಕೊಳ್ಳುತ್ತಿದ್ದ.

"ಬಿಡಿಸಿದವಳ ಮೇಲೇ ಚಾಡಿ ಹೇಳೋಕೆ ಬಂದೆಯಲ್ಲ," ಎಂದ. ಆಮೇಲೆ ದನಿಯೆತ್ತಿ, ಚಾಪೆಯ ಮರೆಯ ಆಚೆಗೆ, "ಕೇಳಿಸ್ತೇನೇ? ಈಗಲೂ ಇದೇ ಮೆಹರ್ ಬೇಕಾ? ಬೇಡ ಅಂದರೆ ಇವತ್ತೇ ಇವಳನ್ನ ಲಾವನ್ ಮನೆಗೆ ಕಳಿಸ್ತೀನಿ, ಇದ್ದತ್ತು ಗಿದ್ದತ್ತು ಆಮೇಲೆ ನೋಡಿಕೊಳ್ಳೋಣ."

ಮೆಹಂದಿಯ ಹಸಿ ವಾಸನೆ ಬರುತ್ತಿದ್ದದ್ದು ಆಗ ಯಗಾನಾಳ ಗಮನಕ್ಕೆ ಬಂತು. ಹೆಣೆದು ಮುಗಿದ ಮೇಲೆ ಕೆಲ್ಲುವನ್ನು ಹಿಂದಿನ ಬಾಗಿಲಿನಿಂದ ಇಲ್ಲಿಗೆ ತಂದು ಕೂರಿಸಿದ್ದರು. ಮರೆಯ ಆಚೆ ಬಟ್ಟೆ ಸರಿದ ಸದ್ದಾಯಿತು. ಬೇಡ ಎನ್ನಲಿ ಎಂದು ಯಗಾನಾಳ ಒಂದು ಭಾಗ ಬೇಡಿಕೊಂಡಿತು. ಬೇಡ ಎಂದರೆ ಇವಳೂ ತನ್ನಂಥವಳೇ.

"ಮಾತು ಕೊಟ್ಟಿದ್ದೀರಿ. ಕಳಿಸಿ," ಎಂದಳು ಕೆಲ್ಲು.

ದೋಣಿಯಲ್ಲಿ ಜೊಂಡು ಕೊಯ್ಯುವ ಹೆಂಗಸರು ಅವಳಿಗೆ ಜಾಗ ಬಿಟ್ಟರು, ಮಾತಾಡಿಸಲಿಲ್ಲ. ನೀರಿನ ಮೇಲೆ ಮದುವೆಯ ಮಾಂಸದ ಹೊಗೆ ಬರುತ್ತಿತ್ತು. ಕೃತಜ್ಞತೆ ಬರಬೇಕಿತ್ತು. ಅವಳು ಅದಕ್ಕಾಗಿ ಒಳಗೆಲ್ಲ ತಡಕಾಡಿದಳು. ಸಿಕ್ಕಿದ್ದು ಕೆಲ್ಲುವಿನ ಮೇಲಿನ ದ್ವೇಷ, ಅದೂ ಹೋದ ವರ್ಷ ಅವಳು ಅಳದೆ ನಿಂತಾಗ ಇದ್ದದ್ದಕ್ಕಿಂತ ಗಟ್ಟಿಯಾದದ್ದು. ಆಚೆ ದಡದಲ್ಲಿ ಇಳಿದು ಹಳ್ಳ ಹಿಡಿದು ನಡೆಯುವಾಗ ಮುಳ್ಳು ಚುಚ್ಚಿದಾಗೆಲ್ಲ ಅವಳು ಕೆಲ್ಲುವನ್ನೇ ಬೈದಳು. ಠಾಣೆ ಕಂಡಾಗ ಕೈ ಮೇಲೆತ್ತಿದಳು. ಅದನ್ನೂ ಅವಳೇ ಹೇಳಿಕೊಟ್ಟದ್ದು.

ಠಾಣೆಯಲ್ಲಿ ಸೈನಿಕನ ಪಕ್ಕ ಕೂತಿದ್ದ, ಯಗಾನಾಳ ಭಾಷೆಯಾದ ಕನೂರಿ ಬಲ್ಲ ಹೆಂಗಸು ಕೇಳಿದಳು: "ಅಲ್ಲಿ ಏನು ಮಾಡ್ತಿದ್ದೆ?"

"ಮೀನು ಒಣಗಿಸ್ತಿದ್ದೆ."

"ಯಾರ ಹೆಂಡತಿ?"

"ಯಾರ ಹೆಂಡತೀನೂ ಅಲ್ಲ. ನನ್ನನ್ನ ಯಾರೂ ಕೇಳಲಿಲ್ಲ."

ಹೆಂಗಸು ಅವಳ ಅಂಗೈಗಳನ್ನು ತಿರುಗಿಸಿ ನೋಡಿದಳು. ಮೀನಿನ ಮುಳ್ಳು ತಾಗದ ಅಂಗೈಗಳು. ಏನನ್ನೋ ಹೇಳಲು ಹೊರಟವಳು, ಬೇಸರವಾಗಿಯೋ ಕನಿಕರವಾಗಿಯೋ, ಬಿಟ್ಟುಬಿಟ್ಟಳು.

ಕೆಲವು ದಿನಗಳ ಮೇಲೆ ಲಾರಿಯಲ್ಲಿ ಹಾಕಿ ನಿರಾಶ್ರಿತರ ಬಿಡಾರಕ್ಕೆ ಕಳಿಸಿದರು. ಗೇಟಿನಲ್ಲಿ ತಾಯಂದಿರು ನಿಂತಿದ್ದರು. ಕೆರೆಯ ಕಡೆಯಿಂದ ಲಾರಿ ಬಂದಾಗೆಲ್ಲ ಅವರು ಹೀಗೆ ಬಂದು ನಿಲ್ಲುತ್ತಿದ್ದರಂತೆ. ಇಳಿದವರ ಸೆರಗು ಹಿಡಿದು ಒಬ್ಬೊಬ್ಬರೂ ಒಂದೊಂದು ಹೆಸರು ಹೇಳುತ್ತಿದ್ದರು. ಯಗಾನಾಳಿಗೆ ಆ ಹೆಸರುಗಳಲ್ಲಿ ಹಲವು ಗೊತ್ತಿದ್ದವು. ಯಾರು ಹೆರಿಗೆಯಲ್ಲಿ ಹೋದಳು, ಯಾರನ್ನು ಯಾವ ದ್ವೀಪಕ್ಕೆ ಕೊಟ್ಟರು, ಯಾರ ಮೈಗೆ ಬಾಂಬು ಕಟ್ಟಿ ಕಳಿಸಿದರು. ಗೊತ್ತಿಲ್ಲ, ಗೊತ್ತಿಲ್ಲ ಎನ್ನುತ್ತ ಅವಳು ದಾರಿ ಬಿಡಿಸಿಕೊಂಡು ಹೋಗುತ್ತಿದ್ದಾಗ, ಗುಂಪಿನ ಅಂಚಿನಲ್ಲಿ ನಿಂತಿದ್ದ, ನೂಕಾಡಲು ತ್ರಾಣವಿಲ್ಲದ ಹೆಂಗಸೊಬ್ಬಳು, "ಕೆಲ್ಲು? ನನ್ನ ಮಗಳು. ಎಡ ಹುಬ್ಬಿನ ಮೇಲೆ ಮಚ್ಚೆ. ಅಳೋದೇ ಇಲ್ಲ ಅವಳು, ಚಿಕ್ಕಂದಿನಿಂದಲೂ," ಎಂದಳು.

ಗೊತ್ತಿಲ್ಲ ಎಂಬ ಮಾತು ನಾಲಿಗೆಯ ಮೇಲೇ ಇತ್ತು. "ಇದ್ದಾಳೆ," ಎಂದಳು ಯಗಾನಾ.

ಹೆಂಗಸು ಅವಳ ಎರಡೂ ಕೈ ಹಿಡಿದುಕೊಂಡಳು. "ಇದ್ದಾಳಾ? ಹೇಗಿದ್ದಾಳೆ? ಉಣ್ಣೋಕೆ ಕೊಡ್ತಾರಾ?"

"ಚೆನ್ನಾಗೇ ಕೊಡ್ತಾರೆ. ಅಮೀರನ ಹೆಂಡತಿ ಅವಳು."

ಹತ್ತಿರವಿದ್ದ ಒಬ್ಬಳು ತನ್ನ ಲಫಾಯಾದ ಅಂಚನ್ನು ಎಳೆದುಕೊಂಡು ಎರಡು ಹೆಜ್ಜೆ ಸರಿದು ನಿಂತಳು. ಮತ್ತೊಬ್ಬಳು ನೆಲಕ್ಕೆ ಉಗುಳಿದಳು. ಮೀನು ಒಣಗಿಸುವವಳೆಂದು ಹೇಳಿಕೊಂಡಿದ್ದ ಯಗಾನಾಳನ್ನು ಯಾರೂ ನೋಡಲಿಲ್ಲ. ಎಲ್ಲರೂ ಆ ತಾಯಿಯನ್ನೇ ನೋಡುತ್ತಿದ್ದರು. ತಾಯಿಯ ಹೆಸರು ಅಮ್ಸಾ. ಅವಳು ಯಗಾನಾಳ ಕೈ ಬಿಡದೆ, ತಲೆ ತಗ್ಗಿಸಿ, ಗುಡಾರಗಳ ಸಾಲಿನ ಹಿಂದಿನ ದಾರಿಯಲ್ಲಿ ಬೇಗ ಬೇಗ ನಡೆಸಿಕೊಂಡು ಹೋದಳು. ತನ್ನ ಗುಡಾರದೊಳಗೆ ಕೂರಿಸಿ ಬಾಗಿಲ ಬಟ್ಟೆಯನ್ನು ಇಳಿಬಿಟ್ಟಳು.

"ಅಲ್ಲಿದ್ದೋರು ಕೇಳಿಸಿಕೊಂಡಿದ್ದಾರೆ. ಅವರಿಗೆ ನೀನೇ, 'ನಾನು ಹೇಳಿದ್ದು ಸುಳ್ಳು, ಅದು ಬೇರೆ ಯಾವುದೋ ಕೆಲ್ಲು' ಅಂದುಬಿಡು ತಾಯಿ," ಎಂದಳು ಅಮ್ಸಾ. "ಯಾವತ್ತಾದರೂ ಅವಳು ಬಂದರೆ ಇಲ್ಲಿ ಒಳಗೆ ಬಿಡಬೇಕಲ್ಲ. ಹಾಗೆ ಅಂತೀಯಲ್ಲ? ನೀನು ಎಷ್ಟು ದಿನ ಬೇಕಾದರೂ ಇಲ್ಲೇ ಇರು. ನನಗೆ ಯಾರೂ ಇಲ್ಲ."

"ನೋಡೋಣ," ಎಂದಳು ಯಗಾನಾ.

ಅಮ್ಸಾ ಒಲೆ ಹಚ್ಚಿದಳು. ಇದ್ದ ಸಜ್ಜೆಹಿಟ್ಟನ್ನೆಲ್ಲ ಸುರಿದು ಮುದ್ದೆ ತಿರುವಿ, ಒಣಸೊಪ್ಪಿನ ಸಾರು ಮಾಡಿ, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮುಂದಿಟ್ಟಳು. ತನಗೆ ಬಡಿಸಿಕೊಳ್ಳಲಿಲ್ಲ. ಎದುರಿಗೆ ಕೂತು, ಅತಿಥಿಯ ಕೈ ತಟ್ಟೆಯಿಂದ ಬಾಯಿಗೆ ಹೋಗುವುದನ್ನೇ, ಮಗಳನ್ನು ಕಂಡಿದ್ದ ಆ ಮುಖವನ್ನೇ ನೋಡುತ್ತಿದ್ದಳು. ಯಗಾನಾ ಒಂದು ತುತ್ತು ತಿಂದಳು. ನಾಲಿಗೆಯ ಮೇಲೆ ಅದನ್ನು ಸ್ವಲ್ಪ ಹೊತ್ತು ಇಟ್ಟುಕೊಂಡಳು. ಹೇಳಬಾರದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಉಪ್ಪು ಸಾಲದು," ಎಂದಳು.

ಅಮ್ಸಾ ತಟ್ಟನೆ ಎದ್ದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಪಕ್ಕದ ಗುಡಾರಕ್ಕೆ ಉಪ್ಪು ಕೇಳಲು ಓಡಿದಳು.